ಶಿಮಾಲ್‌ನಲ್ಲಿ ಹುಲ್ಲು ಹಾಸಿದ್ದು

ಇಲ್ಲಿ ಬರೀ ಮರಳು ಎಂದೇ ಊರಲ್ಲಿ ಎಲ್ಲರ ಲೆಕ್ಕ.
ಹನ್ನೊಂದು ವರ್ಷ ನಾನೂ ಹಾಗೇ ಹೇಳಿಕೊಂಡು ಬಂದೆ.
ರಾಸ್ ಅಲ್ ಖೈಮಾದ ಈ ತುದಿಯಲ್ಲಿ, ಬೋಳು ಗುಡ್ಡದ ಬುಡದಲ್ಲಿ,
ಉಮ್ ಖಲ್ಫಾನಳ ಹೊಸ ಮನೆಯ ಹಿಂದೆ
ಮೊದಲ ಗುದ್ದಲಿ ಬಿತ್ತು. ಎತ್ತಲು ಬರಲಿಲ್ಲ.

ಜೇಡಿ.
ಹಿಡಿದರೆ ಬಿಡದ, ಕೊಡವಿದರೂ
ಬೂಟಿನ ಜೊತೆಗೇ ನಡೆದು ಬರುವ ನೆಂಟ.
ಗುಲ್ ಜಮಾನ್ ಪಶ್ತೋದಲ್ಲಿ ಅದಕ್ಕೊಂದು ಹೆಸರಿಟ್ಟ.
ಅರ್ಥ ಕೇಳಿದೆ, ಬೇಡ ಅಂದ.

ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡೆ.
ತಿಗರಿ ತಿರುಗುವ ಮನೆಯಲ್ಲಿ ಹುಟ್ಟಿದವನಿಗೆ
ಇದು ಈಜು ಕಲಿತ ಹಾಗೆ, ಮರೆಯುವುದಿಲ್ಲ.
ಸೋದರತ್ತೆ ರಾಜೀವಿ ಗದ್ದೆಯಂಚಿನ ಮಣ್ಣನ್ನು
ಹೀಗೇ ಹಲ್ಲಿನ ನಡುವೆ ಉಜ್ಜಿ, ಉಗಿದು, ಹೇಳುತ್ತಿದ್ದಳು:
ಇದು ಗಡಿಗೆಗೆ, ಇದು ಕಾವಲಿಗೆ,
ಇದು ಗೋಡೆಗೂ ಬೇಡ.
ಬಾಯಿ ತೆರೆ ನೋಡೋಣ, ಎಂದ ಮುತಾಲಿಬ್. ತೆರೆದೆ.
ಲೋಕಗಳೇನೂ ಕಾಣಲಿಲ್ಲವಂತೆ,
ಸಿಮೆಂಟು ತುಂಬಿದ ಎರಡು ದವಡೆ ಹಲ್ಲು, ಅಷ್ಟೆ.

ನುಣುಪು. ಕೊನೆಗೆ ಒಂದೆಳೆ ಉಪ್ಪು.
ಬೆರಳಿಗೆ ಸುತ್ತಿದರೆ ಉಂಗುರ, ಬಿರುಕಿಲ್ಲ.
ಗಡಿಗೆಗೆ, ಅಂದುಕೊಂಡೆ.
ಬಿನೋಯ್ ಸಾರ್‌ಗೆ ಫೋನಿನಲ್ಲಿ ಹೇಳಿದ್ದು ಬೇರೆ:
ನೀರು ಇಳಿಯಲ್ಲ, ಬೇರು ಕೊಳೆಯುತ್ತೆ,
ಮೂರನೇ ವಾರಕ್ಕೆ ಹುಲ್ಲೆಲ್ಲ ಹಳದಿ.
ಒಂದಿಷ್ಟು ಮರಳು ಸುರಿದು ಕಲಸು, ಅಂದರು.
ಸಾರ್, ಜೇಡಿಗೆ ಒಂದಿಷ್ಟು ಮರಳು ಕಲಸಿದರೆ
ನಮ್ಮಲ್ಲಿ ಅದನ್ನು ಇಟ್ಟಿಗೆ ಅನ್ನುತ್ತಾರೆ.

ಹಾಗಾಗಿ ಅಗೆದೆವು, ಒಂದು ಮೊಳ.
ವಾದಿಯ ಕಡೆಗೆ ಗೇಣು ಇಳಿಜಾರು, ತಳಕ್ಕೆ ಜಲ್ಲಿ, ತೂತಿನ ಪೈಪು,
ಜಿಪ್ಸಂ ಒಂಬತ್ತು ಚೀಲ.
ಮರಳಿನ ದೇಶಕ್ಕೆ ಮರಳು ಲಾರಿಯಲ್ಲಿ ಬಂತು, ದುಡ್ಡಿಗೆ.
ಉಪ್ಪಿಲ್ಲದ್ದು. ಸಿಹಿ ಮರಳು ಅನ್ನುತ್ತಾರೆ;
ಆ ಹೆಸರು ಕೇಳಿ ಅದನ್ನೂ ನೆಕ್ಕಿದೆ. ಸುಳ್ಳು.
ಹನ್ನೆರಡೂವರೆಗೆ ಕಾನೂನೇ ನಮ್ಮನ್ನು ನೆರಳಿಗೆ ಕರೆಯುತ್ತದೆ.
ಮೂರಕ್ಕೆ ಎದ್ದು ಬಂದರೆ
ಬೆಳಗಿನ ಜೇಡಿ ಕಲ್ಲಾಗಿ, ಸಲಿಕೆಯ ಗುರುತು ಸಹಿತ.

ಎರಡನೇ ದಿನ ಮುತಾಲಿಬನ ಸಲಿಕೆಗೆ ಏನೋ ಠಣ್ ಅಂದಿತು.
ಗಡಿಗೆಯ ಕಂಠದ ಚೂರು, ಅಂಗೈ ಅಗಲ,
ಹೊರಗೆ ಕೆಂಪು ಗೆರೆ, ಓರೆಕೋರೆ, ಅವಸರದ್ದು.
ಒಳಗೆ ಬೆರಳಿನ ಗುರುತು.
ನನ್ನ ಬೆರಳಿಟ್ಟೆ, ಕೂರಲಿಲ್ಲ.
ಸಣ್ಣ ಕೈ. ಹೆಂಗಸಿನದೋ, ಹುಡುಗನದೋ.

ಉಮ್ ಖಲ್ಫಾನ್ ಕೋಲೂರಿ ಬಂದಳು, ನೋಡಿದಳು,
ಆಶ್ಚರ್ಯವೇನೂ ಪಡಲಿಲ್ಲ.
ಗುಡ್ಡದ ತಿರುವಿಗೆ ಕೋಲು ತೋರಿಸಿ
ತನ್ನೂರ್ ಅಂದಳು.
ತನ್ನ ಊರು ಅಂದಳೇನೋ ಎಂದು ತಲೆಯಾಡಿಸಿದೆ.
ಅಲ್ಲ, ಒಲೆ. ಆವಿಗೆ.
ಅವಳಜ್ಜನಿಗೂ ಮುಂಚೆ ಅಲ್ಲಿ ಸಾಲಾಗಿ ಉರಿಯುತ್ತಿದ್ದವಂತೆ,
ಈ ಮಣ್ಣು ಗಡಿಗೆಯಾಗಿ ದೋಣಿ ಹತ್ತುತ್ತಿತ್ತಂತೆ.
ಎಲ್ಲಿಗೆ?
ಸಮುದ್ರದ ಕಡೆ ಗಲ್ಲ ಎತ್ತಿದಳು.
ಆ ಕಡೆ ಏನೇನೋ ಇದೆ. ನಾನು ಹೆಚ್ಚು ಕೇಳಲಿಲ್ಲ.

ಮತ್ತೆ ಹುಲ್ಲು ಯಾಕಮ್ಮ? ಮುರುಕು ಅರಬ್ಬಿಯಲ್ಲಿ ಬಾಯಿ ಜಾರಿತು.
ಮೊಮ್ಮಗಳು ನಡೆಯಲು ಕಲಿಯುತ್ತಿದ್ದಾಳೆ, ಅಂದಳು.
ಬೀಳೋದಕ್ಕೆ ಒಂದು ಜಾಗ ಬೇಡವೇ?

ಮೂರನೇ ದಿನ ನಸುಕಿನಲ್ಲಿ ಹುಲ್ಲು ಬಂತು,
ಚಾಪೆಯಂತೆ ಸುತ್ತಿದ್ದು, ಒಳಗೊಳಗೇ ಬೆವರುತ್ತ.
ಹಲಗೆಯ ಮೇಲೆ ಮೊಣಕಾಲೂರಿ
ಹಂಚು ಹೊದಿಸಿದ ಹಾಗೆ ಸಾಲು ತಪ್ಪಿಸಿ ತಪ್ಪಿಸಿ ಬಿಚ್ಚಿದೆವು.
ಅಂಚಿಗೆ ಅಂಚು ಹೆಬ್ಬೆರಳಿನಲ್ಲಿ ಒತ್ತುತ್ತ ಹೋದೆ.
ಹೆಬ್ಬೆರಳಿಗೆ ಏನು ಗೊತ್ತು,
ಅದು ಗಡಿಗೆಗೆ ಬಾಯಿ ಕಟ್ಟುತ್ತಿತ್ತು.

ನೀರು ಬಿಟ್ಟೆವು. ಇಳಿಯಿತು.
ಉತ್ತರದ ಮೂಲೆಯಲ್ಲಿ ಮಾತ್ರ ಒಂದು ತಟ್ಟೆಯಷ್ಟು ನಿಂತಿತು.
ಅಲ್ಲಿ ಪೈಪು ಸ್ವಲ್ಪ ಮೇಲಾಗಿದೆ, ತಪ್ಪು ನನ್ನದೇ.
ನಾಳೆ ನೋಡೋಣ, ಅಂದೆ.

ಎರಡು ವಾರ ಯಾರೂ ತುಳಿಯಬಾರದು ಅಂತಲೂ ಅಂದಿದ್ದೆ.
ಅಂದದ್ದು ದೊಡ್ಡವರಿಗೆ.
ಆ ಹುಡುಗಿ ಅಜ್ಜಿಯ ಕೋಲು ಬಿಟ್ಟು
ನೆಟ್ಟಗೆ ಆ ಮೂಲೆಗೇ ಹೋದಳು, ಏಳು ಹೆಜ್ಜೆ, ಎಣಿಸಿದೆ,
ದೊಪ್ಪನೆ ಕೂತಳು. ಅಂಚಿನಲ್ಲಿ ಉಕ್ಕಿದ ಜೇಡಿಗೆ ಕೈ ಹಾಕಿ
ಒಂದು ಮುಷ್ಟಿ ಬಾಯಿಗಿಟ್ಟಳು.

ಮನೆಗೆ ಮನೆಯೇ ಕೂಗುತ್ತ ಓಡಿತು.
ನಾನು ಮೆದುಗೊಳವೆ ಹಿಡಿದು ನಿಂತೇ ಇದ್ದೆ,
ಉಗಿಯುತ್ತಾಳೋ, ಇನ್ನೊಂದು ಸಲ ಉಜ್ಜಿ ನೋಡುತ್ತಾಳೋ.